ಲುಂಡ್‌ನ ಅಕ್ಕೋರು ಮತ್ತು ಒಂಬತ್ತನೇ ಕಲಮು

ಸ್ವೀಡನ್ನಿನ ಲುಂಡ್‌ಗೆ ಓದಲು ಬಂದ ಮೊದಲ ಚಳಿಗಾಲದಲ್ಲಿ ನಾನು ಸಾಧಿಸಿದ್ದು ಒಂದೇ ಒಂದು. ಆರು ಗಜದ ಇಳಕಲ್ ಸೀರೆಯೊಂದನ್ನು ಕರವಸ್ತ್ರದ ಅಳತೆಗೆ ತಂದೆ.

ನಾವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ ಇತ್ತು. ಟ್ವೆಟ್‌ಸ್ಟೂಗಾ ಅನ್ನುತ್ತಾರೆ. ಸ್ವೀಡನ್ನಿನ ಜನ ಧರ್ಮಕ್ಕೆ ಜಗಳವಾಡುವುದಿಲ್ಲ, ರಾಜಕೀಯಕ್ಕೂ ದನಿ ಎತ್ತುವುದಿಲ್ಲ. ಒಗೆಯುವ ಕೋಣೆಯ ಸರದಿ ತಪ್ಪಿದರೆ ಮಾತ್ರ ಏಳು ತಲೆಮಾರು ಮರೆಯುವುದಿಲ್ಲ. ಅವತ್ತು ನನ್ನ ಸರದಿ ಶುರುವಾಗಿದ್ದರೂ ಯಂತ್ರದೊಳಗೆ ಯಾರದೋ ಒದ್ದೆ ಬಟ್ಟೆ ಆರಾಮಾಗಿ ಕೂತಿತ್ತು. ಪಾಪ ಯಾರೋ ಮರೆತಿದ್ದಾರೆ, ಉಪಕಾರ ಮಾಡೋಣ ಎಂದು ಎಲ್ಲವನ್ನೂ ತೆಗೆದು ಒಣಗಿಸುವ ಯಂತ್ರಕ್ಕೆ ತುಂಬಿ, ಇದ್ದುದರಲ್ಲೇ ಅತಿ ಬಿಸಿಯ ಗುಂಡಿ ಒತ್ತಿದೆ. ನನ್ನ ಜೀವನದಲ್ಲಿ ನಾನು ಕೇಡು ಮಾಡಿದ್ದೆಲ್ಲ ಉಪಕಾರ ಮಾಡಲು ಹೋದಾಗಲೇ.

ಕುಳ್ಳಗಿನ, ಉಣ್ಣೆ ಟೋಪಿ ಹಾಕಿದ ಹೆಂಗಸೊಬ್ಬರು ಬಂದರು. ಯಂತ್ರದ ಬಾಗಿಲು ತೆಗೆದು ಕೈ ಹಾಕಿದರು. ಹೊರಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿದರು. ಮೊದಲು ಸ್ವೀಡಿಷ್‌ನಲ್ಲಿ ಏನೋ ಅಂದರು, ನನಗೆ ತಿಳಿಯಲಿಲ್ಲ. ಆಮೇಲೆ ತಮ್ಮಷ್ಟಕ್ಕೇ, "ಅಯ್ಯ ಶಿವನ! ಸೆರಗೆಲ್ಲಿ ಹೋತು?" ಅಂದರು. ಅದು ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

"ಸಾರಿ ಮೇಡಂ, ನನ್ನ ಟೈಮ್ ಆಗಿತ್ತು, ಅದಕ್ಕೇ..."

"ಕನ್ನಡದಾಂವ ಏನು ನೀ?" ಸೀರೆಯ ಉಳಿದ ಭಾಗವನ್ನು ನನ್ನ ಮುಖದ ಮುಂದೆ ಹಿಡಿದರು. "ನಿನ್ನ ಟೈಮ್ ಆಗಿತ್ತು, ಖರೆ. ಯಂತ್ರದಾಗಿಂದ ತಗಿಯೋ ಹಕ್ಕು ನಿಂದ. ತಗದು ಬುಟ್ಟ್ಯಾಗ ಹಾಕಬೇಕಿತ್ತು. ಒಣಗಸೋ ಹಕ್ಕು ಯಾರು ಕೊಟ್ರು?"

ನಾನು ಸೀರೆಯ ಎರಡು ತುದಿ ಹಿಡಿದು ಎಳೆದು ನೋಡಿದೆ. ಉದ್ದವಾಗಲಿಲ್ಲ.

"ನೋಡು ತಮ್ಮಾ, ತನ್ನ ಹಕ್ಕು ಎಲ್ಲಿ ಶುರು ಆಗ್ತದ ಅಂತ ಎಲ್ಲಾರಿಗೂ ಗೊತ್ತಿರ್ತದ. ಎಲ್ಲಿ ಮುಗೀತದ ಅಂತ ಮಾತ್ರ ಯಾರಿಗೂ ಗೊತ್ತಿರಂಗಿಲ್ಲ."

ಇದನ್ನೇ ಅವರು ವಿಶ್ವವಿದ್ಯಾಲಯದಲ್ಲಿ ಸಂಬಳ ತೆಗೆದುಕೊಂಡು ಪಾಠ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. ಹೊಸದಾಗಿ ಹುಟ್ಟಿದ ದೇಶಗಳಲ್ಲಿ ಕೇಂದ್ರಕ್ಕೆಷ್ಟು ಅಧಿಕಾರ, ರಾಜ್ಯಗಳಿಗೆಷ್ಟು ಎಂಬುದು ಅವರ ವಿಷಯ. ನನಗೆ ಅದರ ಮೊದಲ ಪಾಠ ಒಂದು ಸೀರೆಯ ಖರ್ಚಿನಲ್ಲಿ ಆಯಿತು. ಅವರನ್ನು ಮೇಡಂ ಅನ್ನಬಾರದೆಂದು ಅವತ್ತೇ ಅಪ್ಪಣೆಯಾಯಿತು. "ನಮ್ಮ ಕಡೆ ಸಾಲಿ ಕಲಿಸೋರಿಗೆ ಅಕ್ಕೋರು ಅಂತಾರ, ಹಂಗ ಕರಿ." ಲುಂಡ್‌ನ ಕನ್ನಡದವರಿಗೆಲ್ಲ ಅವರು ಅಕ್ಕೋರೇ. ಈ ಬೇಸಿಗೆಯಲ್ಲಿ ನಿವೃತ್ತರಾಗಿ ಊರು ಬಿಟ್ಟರು. ಬೀಳ್ಕೊಡುಗೆಯಲ್ಲಿ ನನ್ನನ್ನು ಎರಡು ಮಾತಾಡು ಎಂದು ನಿಲ್ಲಿಸಿದರು. ನಾನು "ಅಕ್ಕೋರು ನಮ್ಮನ್ನಗಲಿ..." ಎಂದು ಶುರು ಮಾಡಿ, ಎದುರಿಗೆ ಅವರು ಕೇಕ್ ತಿನ್ನುತ್ತಿದ್ದುದನ್ನು ನೋಡಿ ಕೂತುಬಿಟ್ಟೆ. ಅಲ್ಲಿ ಆಡದೆ ಉಳಿದದ್ದು ಇದು.

ಅಕ್ಕೋರ ಸಿಟ್ಟು ಅಳೆಯಲು ಒಂದು ಉಪಾಯವಿತ್ತು. ಅವರು ಧಾರವಾಡದವರು. ಆದರೆ ನಾಲ್ಕು ಕಡೆಯ ಕನ್ನಡದವರು ಸೇರಿದಲ್ಲಿ ತಮ್ಮ ಮಾತನ್ನು ಒರೆಸಿ ತಿದ್ದಿ ಬೆಂಗಳೂರಿನ ಹದಕ್ಕೆ ತರುತ್ತಿದ್ದರು. "ಹೌದಾ? ಆಯ್ತು, ನೋಡೋಣ" ಅನ್ನುತ್ತಿರುವವರೆಗೆ ಯಾರಿಗೂ ಅಪಾಯವಿಲ್ಲ. ಮಾತು ತುಂಗಭದ್ರೆ ದಾಟಿ ಉತ್ತರಕ್ಕೆ ಕಾಲಿಟ್ಟಿತೋ, ಎದುರಿಗಿದ್ದವರು ಕುರ್ಚಿ ಹಿಂದೆ ಸರಿಸಿಕೊಳ್ಳುವುದು ಕ್ಷೇಮ. ನನ್ನ ಜೊತೆ ಮಾತ್ರ ಮೊದಲ ದಿನದಿಂದಲೂ ಧಾರವಾಡವೇ. ಆ ಸೀರೆಯ ಸಿಟ್ಟು ಇಳಿಯಲೇ ಇಲ್ಲವೋ, ಇಳಿದ ಮೇಲೂ ಅಭ್ಯಾಸವಾಗಿ ಉಳಿಯಿತೋ ನನಗಿನ್ನೂ ಗೊತ್ತಿಲ್ಲ.

ಸೀರೆಯ ಪ್ರಾಯಶ್ಚಿತ್ತಕ್ಕೆಂದು ಪ್ರತಿ ಭಾನುವಾರ ಅಕ್ಕೋರು ತಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವಾಗ ನಾನು ಸ್ಟೂಲಿನ ಮೇಲೆ ನಿಂತು, ಹೊಗೆ ತಾಗಿದರೆ ಕೂಗುವ ಚಾವಣಿಯ ಗಂಟೆಗೆ ಟವಲ್ ಬೀಸಬೇಕಿತ್ತು. ಗಂಟೆ ಹೊಡೆದುಕೊಂಡರೆ ಕೆಳಗಿನ ಮನೆಯ ಅಜ್ಜ ಮೇಲೆ ಬರುತ್ತಿದ್ದ. ಒಂದು ಸಲ ಬೀಸಿದ ರಭಸಕ್ಕೆ ಗಂಟೆಯೇ ಕಿತ್ತು ಹಿಟ್ಟಿನ ಪರಾತದಲ್ಲಿ ಬಿತ್ತು. ಅಕ್ಕೋರು ಅದನ್ನು ಎತ್ತಿ ಪಕ್ಕಕ್ಕಿಟ್ಟು, ಹಿಟ್ಟು ನಾದುತ್ತಲೇ ಮಾತು ಮುಂದುವರಿಸಿದರು.

"ಹೊಸಾ ದೇಶಕ್ಕ ಅಂಜಿಕಿ ಭಾಳ. ಒಡದು ಹೋಗ್ತದೇನೋ, ಯಾರರ ಬಿಟ್ಟು ಹೋಗ್ತಾರೇನೋ ಅಂತ. ಅಂಜಿದಾಂವ ಮನ್ಯಾಗಿನ ಎಲ್ಲಾ ಕೀಲಿ ತನ್ನ ಸೊಂಟಕ್ಕ ಕಟ್ಗೋತಾನ. ಅದು ತಪ್ಪಲ್ಲ. ಅಂಜಿಕಿ ಹೋದ ಮ್ಯಾಲೂ ಬಿಚ್ಚಿ ಕೊಡಂಗಿಲ್ಲಲ್ಲ, ಅದು ತ್ರಾಸು."

ಅವರಜ್ಜನ ಕಥೆಯನ್ನು ಆ ಅಡುಗೆಮನೆಯಲ್ಲೇ ಕೇಳಿದ್ದು. "ನಮ್ಮಜ್ಜ ಹುಟ್ಟಿದ್ದು ಮುಂಬೈ ಪ್ರಾಂತದಾಗ, ಮುದುಕ ಆಗಿದ್ದು ಮೈಸೂರು ರಾಜ್ಯದಾಗ, ಸತ್ತದ್ದು ಕರ್ನಾಟಕದಾಗ. ಮನಿ ಮಾತ್ರ ಒಮ್ಮೆನೂ ಬದಲಿ ಮಾಡಿದ್ದಿಲ್ಲ." ನಕ್ಕೆವು. ಆಮೇಲೆ ಅಪ್ಪನ ಕಥೆ ಬಂತು. ಅಕ್ಕೋರು ಶಾಲೆಯಲ್ಲಿದ್ದಾಗ ಒಂದು ಬೆಳಗ್ಗೆ ರೇಡಿಯೋದಲ್ಲಿ ದಿಲ್ಲಿಯವರು ರಾಜ್ಯ ಸರ್ಕಾರವನ್ನು ವಜಾ ಮಾಡಿದರೆಂದು ಬಂತಂತೆ. ಅಪ್ಪ ಚಹಾದ ಬಸಿ ಕೆಳಗಿಟ್ಟು ಸುಮ್ಮನೆ ಕೂತರಂತೆ.

"ಅಂವ ಆ ಸರ್ಕಾರಕ್ಕ ಓಟು ಹಾಕಿದಾಂವ ಅಲ್ಲ. ದಿನಾ ಬೈತಿದ್ದ. ನಾ ಕೇಳಿದೆ, ಅಪ್ಪಾ, ನಿನಗ ಬ್ಯಾಡಾದ ಸರ್ಕಾರನ ಹೋತಲ್ಲ, ಮತ್ಯಾಕ ಹಿಂಗ ಕುಂತಿ? ಅದಕ್ಕ ಅಂದ, ನಾ ಕೆಡವಬೇಕಂತ ಇಟ್ಟಿದ್ದೆ. ಅವರು ಕೆಡವಿದ್ರು."

ಈ ಮಾತನ್ನು ಹೇಳುವಾಗ ಅವರ ಕೈ ರೊಟ್ಟಿಯ ಮೇಲೆ ನಿಂತಿತ್ತು. ಹಂಚಿನ ಮೇಲಿದ್ದ ಇನ್ನೊಂದು ಹೊತ್ತಿಕೊಂಡಿತು. ಹಿಟ್ಟು ತುಂಬಿಕೊಂಡ ಗಂಟೆ ಹೊಡೆದುಕೊಳ್ಳಲಿಲ್ಲ, ಕೆಳಗಿನ ಅಜ್ಜ ಬರಲಿಲ್ಲ.

ನಾನು ಓದು ಮುಗಿಸಿ ಎಸ್ಕಿಲ್‌ಸ್ಟುನಾ ಎಂಬ ಊರಿನಲ್ಲಿ ಮಣ್ಣೆತ್ತುವ ಯಂತ್ರಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. (ಒಂದನ್ನು ಹಿಂದಕ್ಕೆ ಓಡಿಸಿ ಮ್ಯಾನೇಜರರ ಸೈಕಲ್ಲನ್ನು ದೋಸೆ ಮಾಡಿದ್ದು ಬೇರೆ ಕಥೆ.) ಅದೇ ಸುಮಾರಿಗೆ ಬೇರೆ ಬೇರೆ ಊರುಗಳ ಕನ್ನಡ ಸಂಘಗಳು ಸೇರಿ ಒಂದು ಒಕ್ಕೂಟ ಕಟ್ಟಲು ಹೊರಟವು. ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಕೇಂದ್ರ ಸಮಿತಿ, ಊರೂರಿಗೆ ಘಟಕ. ಬೇಡ ಅನ್ನಲು ನನಗೆ ಬರುವುದಿಲ್ಲವಾದ್ದರಿಂದ ನಾನು ಕೇಂದ್ರದ ಜಂಟಿ ಕಾರ್ಯದರ್ಶಿಯಾದೆ. ನಿಯಮಾವಳಿ ಬರೆದುಕೊಡಿ ಎಂದು ಎಲ್ಲರೂ ಅಕ್ಕೋರ ಬೆನ್ನು ಬಿದ್ದರು.

ಅಕ್ಕೋರು ಹೇಳಿದ ಅಂಜಿಕೆ ಆ ಮೊದಲ ಸಭೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಒಂದು ಊರಿನ ಸಂಘ ಒಡೆದು, ಒಂದೇ ದಿನ ಒಂದೇ ಬೀದಿಯಲ್ಲಿ ಎರಡು ಯುಗಾದಿ ಆಗಿದ್ದವು. ಒಂದರ ಒಬ್ಬಟ್ಟು ತಿಂದವರು ಇನ್ನೊಂದರ ಕೋಸಂಬರಿ ಮುಟ್ಟುವಂತಿರಲಿಲ್ಲ. ಒಕ್ಕೂಟದ ಅಧ್ಯಕ್ಷರಿಗೆ ಇದೇ ಚಿಂತೆ. ಒಳ್ಳೆಯ ಮನುಷ್ಯ, ಎಲ್ಲರ ಮಕ್ಕಳ ಹೆಸರು ನೆನಪಿಟ್ಟು ಕೇಳುವಂಥವರು. ಘಟಕವೇನಾದರೂ ದಾರಿ ತಪ್ಪಿದರೆ ಅದರ ಸಮಿತಿಯನ್ನು ವಜಾ ಮಾಡಿ ಪ್ರತಿನಿಧಿಯೊಬ್ಬನನ್ನು ಕಳಿಸುವ ಅಧಿಕಾರ ಕೇಂದ್ರಕ್ಕಿರಲೇಬೇಕು ಅಂದರು. ಅದೇ ಒಂಬತ್ತನೇ ಕಲಮು.

"ಮಗು ನಡೆಯೋದು ಕಲಿಯೋವರೆಗೆ ಕೈ ಹಿಡ್ಕೋಬೇಕಲ್ವಾ ಮೇಡಂ?" ಅಂದರು ಅಧ್ಯಕ್ಷರು.

"ಹಿಡ್ಕೊಳ್ಳಿ. ಮದುವೆ ದಿನ ಬಿಟ್ಟರೆ ಸಾಕು" ಅಂದರು ಅಕ್ಕೋರು.

ಹಾಗೆ ಸುಮ್ಮನೆ ಬಿಡಲಿಲ್ಲ. ಒಂಬತ್ತನೇ ಕಲಮಿನ ಆಯುಸ್ಸು ಒಂದೇ ವರ್ಷ, ಬೇಕಾದರೆ ಪ್ರತಿ ವಾರ್ಷಿಕ ಸಭೆಯಲ್ಲಿ ಹೊಸದಾಗಿ ಕೇಳಿ ಮುಂದುವರಿಸಬೇಕು ಎಂದು ಸೇರಿಸಿದರು. ಹೋದ ಪ್ರತಿನಿಧಿ ಅಲ್ಲೇ ಹೊಸ ಚುನಾವಣೆ ನಡೆಸಿ ಹಿಂತಿರುಗಬೇಕು ಎಂದೂ ಸೇರಿಸಿದರು. ಎಲ್ಲರೆದುರು ಓದಿ ಹೇಳಿದರು. ಎಲ್ಲರೂ ತಲೆದೂಗಿದರು.

ಅವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಬಿಸಿಬೇಳೆಬಾತನ್ನು. ಸ್ವೀಡನ್ನಿನ ಸಭೆಗಳಲ್ಲಿ ಒಂದು ಪದ್ಧತಿ ಇದೆ. ಅಧ್ಯಕ್ಷರು ಒಪ್ಪಿಗೆಯೇ ಎಂದು ಕೇಳುತ್ತಾರೆ, ಸಭೆ ಒಟ್ಟಿಗೆ "ಯಾ" (ಹೌದು) ಅನ್ನುತ್ತದೆ, ಅವರು ಮೇಜಿನ ಮೇಲೆ ಸುತ್ತಿಗೆ ಕುಟ್ಟಿದರೆ ಮುಗಿಯಿತು. ನಾವೂ ಹಾಗೇ ಮಾಡಿದೆವು. ಆದರೆ ನಮ್ಮ ಕಾರ್ಯಸೂಚಿಯಲ್ಲಿ ಒಂಬತ್ತನೇ ಕಲಮು ಯಾವಾಗಲೂ ಊಟಕ್ಕೆ ಸ್ವಲ್ಪ ಮುಂಚೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದ ವಾಸನೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಅಧ್ಯಕ್ಷರು ಮುಂದುವರಿಸೋಣವೇ ಅನ್ನುತ್ತಿದ್ದರು. ಇಡೀ ಸಭೆ "ಹೂಂ ಹೂಂ ಹೂಂ" ಎಂದು ಎದ್ದು ತಟ್ಟೆಯ ಕಡೆ ನಡೆಯುತ್ತಿತ್ತು. ಹಿಂದಿನಿಂದ ಅಕ್ಕೋರ ಒಂಟಿ ದನಿ "ಬೇಡ" ಅನ್ನುತ್ತಿತ್ತು. ವರ್ಷಾ ವರ್ಷ ನಾನದನ್ನು ಬರೆದುಕೊಂಡೆ: 'ಒಬ್ಬರ ವಿರೋಧ.' ಬರೆದು ಓಡಿ ಹೋಗಿ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದೆ. ಗೋಡಂಬಿ ಮೇಲೇ ಇರುತ್ತದೆ.

ಹೋದ ವರ್ಷದ ಅಕ್ಟೋಬರಿನಲ್ಲಿ ಆ ಕಲಮಿಗೆ ಹಲ್ಲು ಬಂತು.

ಕೇಂದ್ರ ಸಮಿತಿ ಒಂದು ತೀರ್ಮಾನ ಮಾಡಿತು. ಈ ಸಲ ಇಡೀ ಸ್ವೀಡನ್ನಿಗೆ ಒಂದೇ ರಾಜ್ಯೋತ್ಸವ, ಸ್ಟಾಕ್‌ಹೋಮ್‌ನಲ್ಲಿ. ಘಟಕಗಳು ಬೇರೆ ಮಾಡಕೂಡದು. ಅಕ್ಕೋರು ಅಧ್ಯಕ್ಷರಾಗಿದ್ದ ಲುಂಡ್ ಘಟಕದವರು ಆಗದು ಅಂದರು. ಅಲ್ಲಿ ಶನಿವಾರದ ಕನ್ನಡ ತರಗತಿಯ ಮಕ್ಕಳಿಂದ ಅಕ್ಕೋರು ನಾಟಕ ಮಾಡಿಸುತ್ತಿದ್ದರು, ಚಿಕ್ಕ ಮಕ್ಕಳನ್ನು ಅಷ್ಟು ದೂರ ಕಟ್ಟಿಕೊಂಡು ಹೋಗಲಾಗುವುದಿಲ್ಲ, ನಮ್ಮ ರಾಜ್ಯೋತ್ಸವ ನಮ್ಮ ಊರಲ್ಲೇ ಎಂದು ಉತ್ತರ ಬರೆದರು. ಕೇಂದ್ರ ಇನ್ನೊಮ್ಮೆ ಬರೆಯಿತು. ಅವರು ಇನ್ನೊಮ್ಮೆ ಆಗದು ಅಂದರು.

ಅಧ್ಯಕ್ಷರು ನನಗೆ ಫೋನ್ ಮಾಡಿದರು.

"ನೋಡಪ್ಪಾ, ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ. ಆಮೇಲೆ ಒಕ್ಕೂಟ ಅಂತ ಯಾಕಿರ್ಬೇಕು? ಹೋದ ವರ್ಷ ನನ್ನ ಮಗಳು ಸ್ಟೇಜ್ ಮೇಲೆ ಹೆಚ್ಚುಕಮ್ಮಿ ಒಬ್ಳೇ ನಿಂತಿದ್ಲು. ಕೆಳಗೆ ಇಳಿದು ಬಂದು, ಅಪ್ಪ, ಕನ್ನಡ ಮಾತಾಡೋ ಮಕ್ಕಳು ಇಷ್ಟೇನಾ ಅಂದ್ಲು. ಅವಳಿಗೆ ನೂರು ಮಕ್ಕಳನ್ನ ತೋರಿಸ್ಬೇಕು ಕಣೋ ನಾನು."

ಫೋನಿನಲ್ಲಿ ಕಾಣುವುದಿಲ್ಲ ಎಂಬುದನ್ನೂ ಮರೆತು ತಲೆಯಾಡಿಸಿದೆ.

"ಒಂಬತ್ತನೇ ಕಲಮು ಹಾಕಿದೀವಿ. ಲುಂಡ್ ಸಮಿತಿ ವಜಾ. ಪ್ರತಿನಿಧಿಯಾಗಿ ನೀನು ಹೋಗ್ತಿದೀಯ. ನಿನಗೆ ಅವರು ಚೆನ್ನಾಗಿ ಪರಿಚಯ ತಾನೆ?"

ನನಗೆ ಬರುವ ಒಂದೇ ಉತ್ತರ ಕೊಟ್ಟೆ. "ಹೂಂ ಸಾರ್."

"ಚುನಾವಣೆ ಗಿನಾವಣೆ ಎಲ್ಲ ಮುಂದಿನ ವರ್ಷ ನೋಡೋಣ. ಈಗ ಹೋಗಿ ಚಾರ್ಜ್ ತಗೋ."

ಫೋನಿಟ್ಟ ಮೇಲೆ ಅಕ್ಕೋರಿಗೆ ನಾನೇ ಮಾಡಿದೆ. ಬೈಯಲಿ ಎಂದೇ ಮಾಡಿ, ಅಧ್ಯಕ್ಷರು ಅಂದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. "ರಾಜ್ಯೋತ್ಸವ ಹೋದ್ರ ಹೋಗ್ಲಿ ತಮ್ಮಾ. ಶನಿವಾರದ ಕೋಣಿ?" ಅಂದರು. ಆ ಕೋಣೆಯನ್ನು ಊರಿನ ಕೊಮ್ಮೂನ್ ಕೊಟ್ಟಿತ್ತು. ನಮ್ಮಲ್ಲಿ ನಗರಸಭೆ ಇದ್ದ ಹಾಗೆ. ಚುನಾಯಿತ ಸಮಿತಿ ಇರುವ ಸ್ಥಳೀಯ ಸಂಘಕ್ಕೆ ಮಾತ್ರ ಕೊಡುತ್ತಾರೆ. ಸಮಿತಿ ಇಲ್ಲವೆಂದು ಗೊತ್ತಾದರೆ ತಿಂಗಳ ಕೊನೆಗೆ ಇನ್ಯಾರಿಗೋ ಹೋಗುತ್ತದೆ, ಹಿಂದೆ ಕಾಯುವವರ ಸಾಲೇ ಇತ್ತು. "ಕೋಣಿ ಹೋದ್ರ ಕ್ಲಾಸ್ ಹೋತು. ಮನ್ಯಾಗ ಕನ್ನಡದಾಗ ಕೇಳಿದ್ರ ಸ್ವೀಡಿಷ್‌ನ್ಯಾಗ ಉತ್ತರ ಕೊಡೋ ಹುಡುಗ್ರು. ವಾರಕ್ಕೊಮ್ಮೆ ಕನ್ನಡದಾಗ ಜಗಳಾಡ್ಲಿಕ್ಕೆ ಅವಕ್ಕ ಅದೊಂದ ಜಾಗಾ ಅದ. ಬಾ. ಬಂದು ಏನ್ ಮಾಡ್ಬೇಕೋ ಮಾಡು."

ಶನಿವಾರ ರೈಲು ಬದಲಿಸಿ ಲುಂಡ್‌ನಲ್ಲಿ ಇಳಿದೆ. ಮುಖ ಮುಚ್ಚುವಂತೆ ಮಫ್ಲರ್ ಸುತ್ತಿದ್ದೆ. ಚಳಿಗೆ ಅಂತ ಇಟ್ಟುಕೊಳ್ಳಿ.

ಕೋಣೆ ತುಂಬಿತ್ತು. ಅಪ್ಪ ಅಮ್ಮಂದಿರು ಗೋಡೆಗುಂಟ ಕೈಕಟ್ಟಿ ನಿಂತಿದ್ದರು. ಮಕ್ಕಳು ಗಲಾಟೆ ಮಾಡುತ್ತಿರಲಿಲ್ಲ. ಮೊದಲು ಬಾಯಿ ತೆರೆದವರು ಪುತ್ತೂರಿನ ಕಡೆಯ ರೈಗಳು. ಅವರ ಇಬ್ಬರು ಮಕ್ಕಳು ಅಲ್ಲಿ ಕಲಿಯುತ್ತಿದ್ದರು. ಎಲ್ಲರ ನಡುವೆ ಜಾಗ್ರತೆಯಿಂದ ಮಾತಾಡುವ ರೈಗಳು ಅವತ್ತು ಜಾಗ್ರತೆ ಬಿಟ್ಟಿದ್ದರು.

"ಬನ್ನಿ ಬನ್ನಿ ಗವರ್ನರ್ ಸಾಯ್ಬ್ರೆ! ಕೆಂಪು ಹಾಸು ಹಾಕ್ಬೇಕಿತ್ತು. ಒಗೀಲಿಕ್ಕೆ ಹಾಕಿದ್ದೇವೆ, ನೀವು ಮುಟ್ಬೇಡಿ ಮಾರಾಯ್ರೆ!"

ಯಾರೂ ನಗಲಿಲ್ಲ. ಅಕ್ಕೋರು ಮುಂದಿನ ಮೇಜಿನ ಹಿಂದೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತು, "ದಯವಿಟ್ಟು ಕುಳಿತುಕೊಳ್ಳಿ" ಅಂದರು.

ಕುಳಿತುಕೊಳ್ಳಿ! ಬೆಂಗಳೂರೂ ಅಲ್ಲ, ಧಾರವಾಡವೂ ಅಲ್ಲ, ಪುಸ್ತಕದ ಕನ್ನಡ. ಅದೂ ನನಗೆ ಬಹುವಚನ. ನನ್ನ ಅಳತೆಯ ಉಪಾಯದಲ್ಲಿ ಇದಕ್ಕೆ ಗೆರೆಯೇ ಇರಲಿಲ್ಲ. ಸಿಕ್ಕಿದ ಕುರ್ಚಿಯಲ್ಲಿ ಕುಸಿದೆ. ಅದು ಮೂರನೇ ಕ್ಲಾಸಿನ ಮಕ್ಕಳದ್ದು, ಮಂಡಿ ಗದ್ದಕ್ಕೆ ತಾಗಿತು. ಆದೇಶ ಓದಲು ಎದ್ದಾಗ ಕುರ್ಚಿಯೂ ನನ್ನ ಜೊತೆ ಎದ್ದಿತು. ಬೆನ್ನ ಹಿಂದೆ ಕುರ್ಚಿ ಕಚ್ಚಿಕೊಂಡೇ ಓದಿದೆ: ಲುಂಡ್ ಘಟಕದ ಸಮಿತಿಯನ್ನು ಈ ಮೂಲಕ ವಿಸರ್ಜಿಸಲಾಗಿದೆ, ಅದರ ಸಕಲ ಅಧಿಕಾರಗಳನ್ನು ಪ್ರತಿನಿಧಿಗೆ ವಹಿಸಲಾಗಿದೆ. ಅಧಿಕಾರದ ಕುರ್ಚಿ ಬಿಡುವುದು ಕಷ್ಟ ಅನ್ನುತ್ತಾರಲ್ಲ, ನನಗಂತೂ ನಿಜವಾಗಿ ಬಿಡಲಿಲ್ಲ. ಒಂದು ಮಗು ಬಂದು ಎಳೆದು ಬಿಡಿಸಿತು.

"ಇದೆಲ್ಲ ಯಾಕೆ?" ರೈಗಳು ಗೋಡೆ ಬಿಟ್ಟು ಮುಂದೆ ಬಂದರು. "ನಾವೇ ಒಕ್ಕೂಟ ಬಿಡುವ. ಇವತ್ತೇ. ಬೇರೆ ಸಂಘ ಮಾಡುವ, ಕೋಣೆ ನಮ್ಮದೇ ಇರ್ತದೆ. ಇವರ ಹಂಗು ಯಾರಿಗೆ ಬೇಕು?"

"ಹೌದು, ಬಿಡೋಣ" ಅಂತ ನಾಲ್ಕಾರು ದನಿ ಎದ್ದವು. ನನಗೂ ಒಳಗೊಳಗೇ ಅದೇ ಸರಿ ಅನ್ನಿಸಿತು. ನಾನೂ ತಪ್ಪಿಸಿಕೊಳ್ಳಬಹುದಿತ್ತು.

ಅಕ್ಕೋರ ದನಿ ಏರಲಿಲ್ಲ. ಊರು ಮಾತ್ರ ಬದಲಾಯಿತು.

"ಬಿಡೋದು ಸಲೀಸು ರೈಗಳೇ. ನಾಳೆ ಇಲ್ಲಿ ಇಬ್ಬರು ಜಗಳಾಡ್ತಾರ, ಅವರೂ ಬಿಡ್ತಾರ. ಆಮ್ಯಾಲೆ ಮನಿಗೊಂದು ಕನ್ನಡ ಸಂಘ. ಒಳಗಿದ್ದು ಆಗಂಗಿಲ್ಲ ಅನ್ನೋದು ತ್ರಾಸು. ಆ ತ್ರಾಸು ತಗೊಳ್ಳೋರು ಇದ್ರನ ಒಕ್ಕೂಟ ಉಳೀತದ. ನಾ ಇಷ್ಟು ವರ್ಷ ಹುಡುಗ್ರಿಗೆ ಕಲಿಸಿದ್ದು ಇದನ್ನ. ಈಗ ನಾ ಎದ್ದು ಹೊಂಟ್ರ?" ನನ್ನ ಕಡೆ ತಿರುಗಿದರು. "ಪ್ರತಿನಿಧಿ ಸಾಹೇಬ್ರ, ಹೋದವರು ಚುನಾವಣಿ ಮಾಡಿ ಬರಬೇಕು ಅಂತ ಕಲಮಿನಾಗ ಅದ. ನಿಮಗೂ ಗೊತ್ತದ, ಕೇಂದ್ರದವರಿಗೂ ಗೊತ್ತದ. ಅವರು ಮುಂದಿನ ವರ್ಷ ಅಂತಾರ. ನೀವು ಏನಂತೀರಿ?"

ಇಡೀ ಕೋಣೆ ನನ್ನನ್ನು ನೋಡಿತು. ಮುಂದಿನ ವರ್ಷ ಅಂದರೆ ಕೋಣೆ ಹೋಗುತ್ತದೆ. ಈಗ ಅಂದರೆ ನನ್ನ ತಲೆ ಹೋಗುತ್ತದೆ, ಅಧ್ಯಕ್ಷರ ಮಗಳು ಮತ್ತೆ ವೇದಿಕೆಯ ಮೇಲೆ ಒಬ್ಬಳೇ ನಿಲ್ಲಬಹುದು. ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೂಂ ಅಂದವನಿಗೆ, ಒಂದೇ ಸಲ ಇಬ್ಬರಿಗೆ ಹೂಂ ಅನ್ನಲಾಗುವುದಿಲ್ಲ ಎಂಬ ಸರಳ ಸಂಗತಿ ಆವತ್ತು ಹೊಳೆಯಿತು.

"ಈಗಲೇ" ಅಂದೆ. ದನಿ ಎಷ್ಟು ಸಣ್ಣಗೆ ಬಂತೆಂದರೆ ರೈಗಳು, "ಏನಂತೆ?" ಎಂದು ಪಕ್ಕದವರನ್ನು ಕೇಳಿದರು.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅಧ್ಯಕ್ಷರು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ಏನಯ್ಯಾ, ಚಾರ್ಜ್ ತಗೊಂಡ್ಯಾ?"

"ತಗೊಂಡೆ ಸಾರ್. ಚುನಾವಣೆ ಮಾಡ್ತಿದೀನಿ ಸಾರ್."

"ಯಾರ್ ಹೇಳಿದ್ದು ನಿಂಗೆ?"

"ನೀವೇ ಸಾರ್. ಸಕಲ ಅಧಿಕಾರ ಅಂತ ಕೊಟ್ಟಿದ್ರಲ್ಲ, ಅದರಲ್ಲಿ ಇದೂ ಇತ್ತು."

"ನಿನ್ನನ್ನ ಇವತ್ತೇ ತೆಗೆದು ಹಾಕ್ತೀನಿ!"

"ಆಯ್ತು ಸಾರ್. ಎಣಿಕೆ ಆದ್ಮೇಲೆ ಹಾಕಿ ಸಾರ್" ಎಂದು ಕಟ್ ಮಾಡಿದೆ. ಅದಕ್ಕೂ ಮೂರ್ನಾಲ್ಕು ಸಲ ಒತ್ತಬೇಕಾಯಿತು.

ಈಗಾದರೂ ಬಿಗಿ ಸಡಿಲಿತು ಅಂದುಕೊಂಡೆ. ಯಾರೋ ಕಾಫಿ ಬಗ್ಗಿಸಿದರು. ರೈಗಳು, "ಅಧ್ಯಕ್ಷರು ಅಕ್ಕೋರೇ, ಮತ್ತೆಂತ ಚುನಾವಣೆ? ಮುಗಿಸಿ ಮಾರಾಯ್ರೆ" ಅಂದರು. ನಾನು ಇನ್ಯಾರಾದರೂ ನಿಲ್ಲುತ್ತೀರಾ ಎಂದು ಶಾಸ್ತ್ರಕ್ಕೆ ಕೇಳಿದೆ.

"ನಾನು ನಿಲ್ತೀನಿ."

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದಿದ್ದಳು. ಆ ಕೋಣೆಯಲ್ಲೇ ಅಕ್ಷರ ಕಲಿತವಳು. ಈಗ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು, ತಮ್ಮನನ್ನು ತರಗತಿಗೆ ಬಿಡಲು ಬರುತ್ತಿದ್ದಳು. ಅವಳಮ್ಮ ಅವಳ ತೋಳು ಎಳೆದು, "ಏಯ್, ಕೂತ್ಕೊಳೇ! ದೊಡ್ಡೋರೆದುರು ಏನಿದು?" ಅಂದರು. ಅಕ್ಕೋರು ಕೈಯೆತ್ತಿ ಅಮ್ಮನನ್ನು ತಡೆದರು.

"ಯಾಕವ್ವಾ?"

ಹುಡುಗಿ ಸ್ವೀಡಿ‌ಷ್‌ನಲ್ಲಿ ಶುರು ಮಾಡಿದಳು. ನಿಲ್ಲಿಸಿದಳು. ಕನ್ನಡಕ್ಕೆ ಬಂದಳು. "ಸ್ಟಾಕ್‌ಹೋಮ್‌ನೋರು ನಮ್ಮನ್ನ ಕೇಳ್ದೆ ಡಿಸೈಡ್ ಮಾಡಿದ್ರು ಅಂತ ನಿಮಗೆ ಕೋಪ. ಸರಿ. ಆದ್ರೆ ನಾಟಕ ಯಾವ್ದು ಅಂತ ನೀವು ಹೇಳಿದ್ರಿ. ಯಾರು ಯಾವ ಪಾರ್ಟ್ ಅಂತ ನೀವು ಹೇಳಿದ್ರಿ. ನಾವು ಸ್ಟಾಕ್‌ಹೋಮ್‌ಗೆ ಹೋಗಲ್ಲ ಅಂತ ನೀವು ಹೇಳಿದ್ರಿ. ನನ್ನ ತಮ್ಮನಿಗೆ ಹೋಗ್ಬೇಕಾ ಬೇಡ್ವಾ ಅಂತ ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ ಅಕ್ಕೋರೆ."

ಆ ಕೋಣೆಯಲ್ಲಿ ಅಲ್ಲಿಯವರೆಗೆ ಇದ್ದದ್ದು ಬರೀ ಚಳಿ. ಈಗ ಹೆಪ್ಪುಗಟ್ಟಿತು. ಅಕ್ಕೋರ ಮುಖ ಬಿಳಿಚಿತು. ಯಾವ ಊರಿನ ಕನ್ನಡ ಬರುತ್ತದೋ ಎಂದು ನಾನು ಕಾದೆ. ಯಾವ ಕನ್ನಡವೂ ಬರಲಿಲ್ಲ. ಅವರು ಆ ಹುಡುಗಿಯನ್ನು, ಎಲ್ಲೋ ನೋಡಿದ ಹಾಗಿದೆಯಲ್ಲ ಎಂಬಂತೆ ನೋಡುತ್ತಾ ಕೂತರು.

"ಅಕ್ಕೋರೆ, ನೀವು ಬೇಕಾದ್ರೆ ಬಿಟ್ಟುಕೊಟ್ಬಿಡಿ, ಮಕ್ಕಳ ಆಟ ಇದು" ಎಂದು ಯಾರೋ ಮೆಲ್ಲಗೆ ಅಂದರು.

"ಇಲ್ಲ" ಅಂದರು ಅಕ್ಕೋರು. "ನಾನೂ ನಿಲ್ತೀನಿ. ಬಿಟ್ಟುಕೊಟ್ರ ದಾನ ಆಗ್ತದ. ಅಕಿ ದಾನ ಕೇಳಿಲ್ಲ, ಓಟು ಕೇಳ್ಯಾಳ."

ಚೀಟಿ ಹರಿದು ಹಂಚಿದೆ. ಮಕ್ಕಳಿಗೂ ಕೊಡಬೇಕೇ ಎಂದು ಗದ್ದಲವಾಯಿತು. ಮನೆಯ ಯಜಮಾನ ಹಾಕಿದರೆ ಮನೆಯೇ ಹಾಕಿದಂತಲ್ಲವೇ ಎಂದು ರೈಗಳು ವಾದಿಸಿದರು. ಈ ದೇಶದಲ್ಲಿ ಸಂಘದ ಸದಸ್ಯ ಅಂದರೆ ಸದಸ್ಯ, ಅವನಿಗೆ ಮೀಸೆ ಬಂದಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಲುಂಡ್‌ನಲ್ಲಿ ಮಕ್ಕಳನ್ನೆಲ್ಲ ಹಟ ಹಿಡಿದು ಸದಸ್ಯರನ್ನಾಗಿ ಮಾಡಿಸಿದವರು ಅಕ್ಕೋರೇ. ಎಲ್ಲರೂ ಅವರ ಮುಖ ನೋಡಿದರು. ಅವರೊಂದು ಮಾತು ಬೇಡ ಅಂದಿದ್ದರೆ ಸಾಕಿತ್ತು.

"ಕೊಡು" ಅಂದರು ನನಗೆ. "ಸದಸ್ಯರ ಅಂದ್ರ ಸದಸ್ಯರ."

ರೈಗಳ ಇಬ್ಬರು ಮಕ್ಕಳು ಅಪ್ಪನಿಗೆ ಕಾಣದಂತೆ ಮೇಜಿನ ಕೆಳಗೆ ಹೋಗಿ ಬರೆದರು. ನಾನು ಎಣಿಸುವಾಗ ನಾಲ್ಕಾರು ಚೀಟಿ ಕಾಫಿಗೆ ಬಿದ್ದವು, ಅವನ್ನು ಊದಿ ಒಣಗಿಸಿದೆ. ಎಣಿಸಿ ಮುಗಿಸಿ ತಲೆ ಎತ್ತಲಿಲ್ಲ. ಮತ್ತೆ ಎಣಿಸಿದೆ. ನನ್ನ ಗಣಿತ ಕೆಟ್ಟದ್ದು, ಆದರೆ ಅಷ್ಟೇನೂ ಕೆಟ್ಟದ್ದಲ್ಲ. ಅಕ್ಕೋರು ಸೋತಿದ್ದರು. ಸ್ವಲ್ಪದರಲ್ಲಿ, ಆದರೆ ಸೋತಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹೊಸ ಸಮಿತಿ ಇದ್ದುದರಿಂದ ಕೋಣೆ ಉಳಿಯಿತು. ನನ್ನನ್ನು ಜಂಟಿ ಕಾರ್ಯದರ್ಶಿ ಸ್ಥಾನದಿಂದ ಸಂಜೆಯೊಳಗೆ ತೆಗೆದರು, ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರದೊಂದಿಗೆ. ನನ್ನಷ್ಟು ಕಡಿಮೆ ಹೊತ್ತು ಆಳಿದ ರಾಜ್ಯಪಾಲ ಭೂಮಿಯ ಮೇಲೆ ಇರಲಿಕ್ಕಿಲ್ಲ, ಒಂದು ಕಪ್ ಕಾಫಿ ಆರುವುದರೊಳಗೆ ಬಂದು ಹೋದೆ. ಮಕ್ಕಳನ್ನು ಕೇಳಿದಾಗ ಅವರು ರಾಜ್ಯೋತ್ಸವ ಲುಂಡ್‌ನಲ್ಲೇ ಇರಲಿ ಅಂದರು, ಅಕ್ಕೋರ ನಾಟಕ ಮಾತ್ರ ಬೇಡ ಅಂದರು. ಸ್ಟಾಕ್‌ಹೋಮ್‌ನ ವೇದಿಕೆಯಲ್ಲಿ ನೂರು ಮಕ್ಕಳು ನಿಲ್ಲಲಿಲ್ಲ. ಅಧ್ಯಕ್ಷರು ನನ್ನೊಂದಿಗೆ ಇನ್ನೂ ಮಾತಾಡುವುದಿಲ್ಲ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಒಂಬತ್ತನೇ ಕಲಮನ್ನು ಈ ವರ್ಷ ಆ ಹುಡುಗಿಯ ಒತ್ತಾಯದ ಮೇಲೆ ಊಟದ ನಂತರ ಚರ್ಚೆಗೆ ಇಟ್ಟರು. ಊಟ ಚೆನ್ನಾಗಿತ್ತು. ಎಲ್ಲರೂ ತೂಕಡಿಸುತ್ತಲೇ ಹೂಂ ಅಂದರು.

ಆದರೆ ಅಕ್ಕೋರು ಅಂದರೆ ನನ್ನ ಕಣ್ಣಿಗೆ ಬರುವುದು ಇದ್ಯಾವುದೂ ಅಲ್ಲ. ಆ ಶನಿವಾರ ಫಲಿತಾಂಶ ಹೇಳಿದ ಮೇಲಿನ ಸ್ವಲ್ಪ ಹೊತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದ ಹುಡುಗಿ ಅಳುವುದೊಂದು ಬಾಕಿ. "ಇನ್ನೊಮ್ಮೆ ಎಣಸು" ಅಂದರು ಅಕ್ಕೋರು. ಅವರೆದುರೇ ಎಣಿಸಿದೆ. ಅದೇ ಬಂತು. "ಆತು" ಅಂದರು. ಮೇಜಿನ ಮೇಲಿದ್ದ ಕನ್ನಡಕ, ನೀರಿನ ಬಾಟಲಿ, ಅರ್ಧ ಕುಡಿದ ಕಾಫಿ, ಉಣ್ಣೆಯ ಟೋಪಿ, ಒಂದೊಂದಾಗಿ ಎತ್ತಿಕೊಂಡರು. ಎರಡು ಕೈಗೆ ಅಷ್ಟೆಲ್ಲ ಹಿಡಿಯದೆ ಟೋಪಿಯನ್ನು ತಲೆಗೇ ಹಾಕಿಕೊಂಡರು. ಕೋಣೆಯ ಉದ್ದಕ್ಕೂ ನಡೆದು ಹೋಗಿ ಕೊನೆಯ ಸಾಲಿನಲ್ಲಿ ಮಕ್ಕಳ ಕುರ್ಚಿಯೊಂದರಲ್ಲಿ ಕೂತರು. ಪಕ್ಕದ ಹುಡುಗ ಸರಿದು ಜಾಗ ಕೊಟ್ಟ.

ಹುಡುಗಿ ಮುಂದೆ ಬಂದು ಮೇಜಿನ ಹಿಂದೆ ನಿಂತಳು. ಕೂರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ನನ್ನನ್ನು ನೋಡಿದಳು. ನನ್ನನ್ನು ನೋಡಿ ಪ್ರಯೋಜನವಿಲ್ಲವೆಂದು ಬೇಗ ಅರಿತು ಹಿಂದಿನ ಸಾಲಿಗೆ ನೋಡಿದಳು.

"ಅಕ್ಕೋರೆ... ಮುಂದಿನ ಶನಿವಾರ ಕ್ಲಾಸು... ನೀವೇ ತಗೋತೀರಲ್ವಾ?"

ಅಕ್ಕೋರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ತರಗತಿಯಲ್ಲಿ ಮಕ್ಕಳು ಮಾಡುವ ಹಾಗೆ ಒಂದು ಕೈ ಮೇಲೆತ್ತಿ ಕೇಳಿದರು:

"ಎಷ್ಟ ಗಂಟೆಕ್ಕ ಬರ್ಲಿ?"